ಹೆಸರಿನ ಮುಂದಿನ ಮಾತಿಗೂ ಆಧಾರ ಬೇಕು: ಕನ್ನಡ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ ಮತ್ತು ಸುದ್ದಿವಾಹಿನಿಗಳ ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವನು. ಪ್ರಸಿದ್ಧರ ಹೆಸರಿನ ಮುಂದೆ ನೀವು ಯಾವ ಮಾತು ಬರೆಯುತ್ತೀರಿ, ಅವರ ಕುರಿತ ವಾಕ್ಯದ ಕೊನೆಯಲ್ಲಿ ಯಾವ ಕ್ರಿಯಾಪದ ಇಡುತ್ತೀರಿ ಎಂಬ ಎರಡು ಸಂಗತಿಗಳ ಬಗ್ಗೆ ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ವರದಿಯಲ್ಲಿ ಊರಿನ ಹೆಸರು ತಪ್ಪಿದರೆ, ದಿನಾಂಕ ಹೆಚ್ಚುಕಡಿಮೆಯಾದರೆ, ಅನುದಾನದ ಮೊತ್ತದಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಮರುದಿನ ತಿದ್ದುಪಡಿ ಹಾಕುವ ಒಳ್ಳೆಯ ಪದ್ಧತಿ ನಮ್ಮ ಪತ್ರಿಕೆಗಳಲ್ಲಿ ಇದೆ. ಆದರೆ ‘ಖ್ಯಾತ’, ‘ಹೆಸರಾಂತ’, ‘ಜನಪ್ರಿಯ’, ‘ಧೀಮಂತ’, ‘ಕುಖ್ಯಾತ’ ಎಂಬ ಮಾತುಗಳಿಗೆ ಮಾತ್ರ ಯಾರೂ ಆಧಾರ ಕೇಳುವುದಿಲ್ಲ. ಅವು ಪತ್ರಿಕಾ ಪ್ರಕಟಣೆಯಲ್ಲಿ ಹೇಗೆ ಬಂದವೋ ಹಾಗೆಯೇ ಅಚ್ಚಾಗುತ್ತವೆ. ಹೆಸರಿನ ಮುಂದಿನ ಮಾತೂ ಸುದ್ದಿಯ ಭಾಗವೇ ಆದ್ದರಿಂದ ಅದಕ್ಕೂ ಆಧಾರ ಇರಬೇಕು ಎಂಬುದು ನನ್ನ ವಾದ.

ಬಿರುದುಗಳನ್ನೇ ಬೇಡವೆನ್ನುವ ಉದ್ದೇಶ ನನಗಿಲ್ಲ. ಬಿರುದಿಲ್ಲದ ಕನ್ನಡ ಚರಿತ್ರೆಯನ್ನು ಊಹಿಸುವುದೇ ಕಷ್ಟ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಪೊನ್ನನಿಗೆ ‘ಉಭಯಕವಿ ಚಕ್ರವರ್ತಿ’ ಎಂದು ಬಿರುದು ಕೊಟ್ಟದ್ದು, ಚಾಲುಕ್ಯರ ತೈಲಪನ ಆಸ್ಥಾನದಲ್ಲಿ ರನ್ನನು ‘ಕವಿಚಕ್ರವರ್ತಿ’ ಎನಿಸಿಕೊಂಡದ್ದು ನಮ್ಮ ಮಕ್ಕಳಿಗೆ ಪಾಠದಲ್ಲೇ ಬರುತ್ತದೆ. ಇವುಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದುದು ಅತ್ತಿಮಬ್ಬೆಯ ‘ದಾನಚಿಂತಾಮಣಿ’. ಓಲೆಗರಿಯ ಮೇಲೆ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆಯಬೇಕಾಗಿದ್ದ ಕಾಲದಲ್ಲಿ ಆಕೆ ಪೊನ್ನನ ಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದರು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದರು. ಆಕೆಯನ್ನು ಹೊಗಳುವ 1007ರ ಲಕ್ಕುಂಡಿಯ ಶಾಸನದಲ್ಲಿ ಬಿರುದಿನ ಜೊತೆಗೆ ಕೊಟ್ಟ ದಾನದ ವಿವರವೂ ಇದೆ. ಹೊಗಳಿಕೆಯನ್ನು ಓದಿದವನು ಅದರ ಕಾರಣವನ್ನೂ ಅದೇ ಕಲ್ಲಿನಲ್ಲಿ ಓದಬಹುದಾಗಿತ್ತು. ಅರಸರ ಬಿರುದಾವಳಿಗಳಲ್ಲಿ ಉತ್ಪ್ರೇಕ್ಷೆ ಬೇಕಾದಷ್ಟಿದೆ, ನಿಜ. ಆದರೆ ಅವುಗಳನ್ನು ಬರೆದವರು ಅರಸನ ಆಶ್ರಯದಲ್ಲಿದ್ದ ಕವಿಗಳು. ನಿಮಗೆ ಅಂಥ ಆಶ್ರಯದ ಹಂಗಿಲ್ಲ ಎಂದು ನಂಬಿಯೇ ಓದುಗರು ಬೆಳಿಗ್ಗೆ ಪತ್ರಿಕೆ ಬಿಡಿಸುತ್ತಾರೆ.

ಜನ ತಾವಾಗಿಯೇ ಕೊಟ್ಟ ಹೆಸರುಗಳ ಮಾತು ಬೇರೆ. ಗಾಜನೂರಿನ ಮುತ್ತುರಾಜ 1954ರಲ್ಲಿ ತೆರೆಯ ಮೇಲೆ ರಾಜ್‌ಕುಮಾರ್ ಆದರು. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1992ರಲ್ಲಿ ಕುವೆಂಪು ಅವರೊಂದಿಗೆ ‘ಕರ್ನಾಟಕ ರತ್ನ’ದ ಮೊದಲ ಗೌರವವೂ ಅವರಿಗೇ ಬಂತು. ಇಷ್ಟೆಲ್ಲ ಇದ್ದರೂ ಜನರ ಬಾಯಲ್ಲಿ ಅವರು ‘ಅಣ್ಣಾವ್ರು’ ಆಗಿಯೇ ಉಳಿದರು. ಮನೆಯ ಹಿರಿಯಣ್ಣನನ್ನು ಕರೆಯುವ ಆ ಮಾತಿನಲ್ಲಿ ಇರುವ ಸಲುಗೆ ಮತ್ತು ಗೌರವ ಎರಡೂ ಯಾವ ಸರ್ಕಾರಿ ಆದೇಶದಿಂದಲೂ ಬರುವಂಥದ್ದಲ್ಲ. ಅವರು ಅಭಿಮಾನಿಗಳನ್ನು ‘ದೇವರು’ ಎಂದರು, ಅಭಿಮಾನಿಗಳು ಅವರನ್ನು ‘ಅಣ್ಣ’ ಎಂದರು. ಕಲ್ಪನಾ ‘ಮಿನುಗುತಾರೆ’ಯಾದದ್ದು, ಜಯಂತಿ ‘ಅಭಿನಯ ಶಾರದೆ’ಯಾದದ್ದು ಕೂಡ ಪ್ರೇಕ್ಷಕರ ಪ್ರೀತಿಯಿಂದಲೇ ಉಳಿದುಬಂದ ಮಾತುಗಳು. ಕ್ರಿಕೆಟ್‌ನಲ್ಲಿ ದ್ರಾವಿಡ್ ಅವರನ್ನು ‘ಗೋಡೆ’ ಎಂದರೆ ಅವರ ಆಟವನ್ನು ನೋಡದವನಿಗೂ ಆ ಆಟ ಹೇಗಿತ್ತು ಎಂಬುದು ತಿಳಿಯುತ್ತದೆ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಮಾದರಿ ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯ ಬದಿಯಲ್ಲಿ ಗಂಡನ ಜೊತೆ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ದನಗಳು ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದ ಹೆಣ್ಣುಮಗಳಿಗೆ ಜನ ಕೊಟ್ಟದ್ದು ಆ ಮರಗಳ ಹೆಸರನ್ನೇ. 2019ರಲ್ಲಿ ಪದ್ಮಶ್ರೀ ಬಂದಾಗ ‘ಸಾಲುಮರದ’ ಎಂಬ ಮಾತಿಗೆ ಅದರಿಂದ ಕೂಡಿಬಂದದ್ದು ಏನೂ ಇಲ್ಲ. ಕಿತ್ತಳೆ ಮಾರಿದ ದುಡ್ಡಿನಲ್ಲಿ ಉಳಿಸಿ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರನ್ನು ‘ಅಕ್ಷರ ಸಂತ’ ಎನ್ನುವಾಗಲೂ ಮಾಡಿದ ಕೆಲಸ ಆ ಮಾತಿನ ಒಳಗೇ ಇದೆ.

ಈಗ ದಿನನಿತ್ಯದ ಪುಟಗಳಿಗೆ ಬರೋಣ. ನಾಯಕನಟರ ಹೆಸರಿನ ಮುಂದೆ ಒಂದಲ್ಲ ಒಂದು ‘ಸ್ಟಾರ್’ ಇಲ್ಲದೆ ಸಿನಿಮಾ ಸುದ್ದಿಯೇ ಇಲ್ಲ ಎಂಬಂತಾಗಿದೆ. ಮೊದಲ ಚಿತ್ರವೇ ಇನ್ನೂ ಬಿಡುಗಡೆಯಾಗದ ಹುಡುಗನಿಗೂ ನಿರ್ಮಾಪಕರ ಕಡೆಯವರು ಒಂದು ಬಿರುದು ಹಚ್ಚಿ ಕಳುಹಿಸುತ್ತಾರೆ, ಅದು ಹಾಗೆಯೇ ಅಚ್ಚಾಗುತ್ತದೆ. ನಟಿಯರ ವಿಷಯದಲ್ಲಿ ಆಗಿರುವುದು ಇದಕ್ಕಿಂತ ನೋವಿನ ಸಂಗತಿ. ಒಂದು ಕಾಲದಲ್ಲಿ ಅಭಿನಯಕ್ಕೆ ಸಲ್ಲುತ್ತಿದ್ದ ಗೌರವದ ಜಾಗದಲ್ಲಿ ಈಗ ‘ಬೆಡಗಿ’, ‘ಚೆಲುವೆ’, ‘ನಟಿಮಣಿ’ ಎಂಬ ಮಾತುಗಳು ಬಂದು ಕೂತಿವೆ. ಅದೇ ಪುಟದಲ್ಲಿ ಗಂಡಸಿಗೆ ಶಕ್ತಿಯ, ಸಾಹಸದ, ಪಟ್ಟದ ಮಾತು. ಹೆಂಗಸಿಗೆ ಮೈಬಣ್ಣದ, ಉಡುಗೆಯ ಮಾತು. ಆಕೆ ರಾಷ್ಟ್ರ ಪ್ರಶಸ್ತಿ ಪಡೆದ ನಟಿಯೇ ಆಗಿದ್ದರೂ ಶೀರ್ಷಿಕೆಯಲ್ಲಿ ಬೆಡಗಿಯೇ. ರಾಜಕೀಯ ಪುಟದಲ್ಲಿ ರಾಜಾಹುಲಿ, ಬಂಡೆ, ಟಗರು, ದಳಪತಿಗಳಿದ್ದಾರೆ. ಪಕ್ಷದ ಕಾರ್ಯಕರ್ತರು ಮೆರವಣಿಗೆಯಲ್ಲಿ ಹಾಗೆ ಕೂಗಿದರೆ ಅದು ಅವರ ಉತ್ಸಾಹ, ಅವರ ಹಕ್ಕು. ವರದಿಗಾರರು ತಮ್ಮದೇ ವಾಕ್ಯದಲ್ಲಿ ಹಾಗೆ ಬರೆದರೆ, ಬಜೆಟ್ಟಿನ ಬಗ್ಗೆ, ನೀರಾವರಿಯ ಬಗ್ಗೆ ಉತ್ತರ ಹೇಳಬೇಕಾದ ಚುನಾಯಿತ ಪ್ರತಿನಿಧಿಯ ಜಾಗದಲ್ಲಿ ಪ್ರಶ್ನೆಯನ್ನೇ ಕೇಳಲಾಗದ ಒಂದು ಮೂರ್ತಿಯನ್ನು ನಿಲ್ಲಿಸಿದಂತಾಗುತ್ತದೆ.

ಸರ್ಕಾರಿ ಪ್ರಶಸ್ತಿಗಳ ವಿಷಯದಲ್ಲಂತೂ ಕಾನೂನೇ ಸ್ಪಷ್ಟವಾಗಿದೆ. ಬ್ರಿಟಿಷರ ಕಾಲದ ರಾವ್ ಬಹದ್ದೂರ್, ದಿವಾನ್ ಬಹದ್ದೂರ್‌ಗಳು, ಮೈಸೂರು ಅರಸರು ಕೊಡುತ್ತಿದ್ದ ‘ರಾಜಸೇವಾಸಕ್ತ’ದಂಥ ಬಿರುದುಗಳು ಮನುಷ್ಯರಲ್ಲಿ ಮೇಲುಕೀಳಿನ ಮೆಟ್ಟಿಲು ಕಟ್ಟಿದ್ದನ್ನು ಕಂಡವರೇ ನಮ್ಮ ಸಂವಿಧಾನವನ್ನು ರಚಿಸಿದ್ದರಿಂದ, ಸೇನೆಯ ಮತ್ತು ವಿದ್ಯೆಯ ಮನ್ನಣೆಗಳನ್ನು ಬಿಟ್ಟು ಬೇರೆ ಯಾವ ಬಿರುದನ್ನೂ ಪ್ರಭುತ್ವ ಕೊಡಬಾರದು ಎಂದು 18ನೇ ವಿಧಿಯಲ್ಲಿ ಬರೆದರು. ಹಾಗಾದರೆ ಭಾರತ ರತ್ನ ಮತ್ತು ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೇ ಎಂಬ ಪ್ರಶ್ನೆ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 1995ರ ಡಿಸೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಇವು ಬಿರುದುಗಳಲ್ಲ, ಆದ್ದರಿಂದ ಕೊಡಬಹುದು, ಆದರೆ ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಅವುಗಳನ್ನು ಬಳಸುವಂತಿಲ್ಲ, ಬಳಸಿದರೆ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆ ಎಂದು ಹೇಳಿತು. ಹೆಸರಿಗೆ ಅಂಟಿಸಿದ ಕೂಡಲೇ ಪ್ರಶಸ್ತಿ ಬಿರುದಾಗುತ್ತದೆ ಎಂಬುದೇ ಆ ತೀರ್ಪಿನ ತಿರುಳು. ಇಷ್ಟಾದರೂ ಆಮಂತ್ರಣ ಪತ್ರಿಕೆಗಳಲ್ಲಿ, ಫ್ಲೆಕ್ಸ್‌ಗಳಲ್ಲಿ, ಅವುಗಳನ್ನು ಅನುಸರಿಸಿ ನಿಮ್ಮ ಪುಟಗಳಲ್ಲಿ ‘ಪದ್ಮಶ್ರೀ’ ಇಂಥವರು, ‘ಪದ್ಮಭೂಷಣ’ ಇಂಥವರು ಎಂದು ಬರುತ್ತಲೇ ಇದೆ. ‘ಇವರಿಗೆ 2020ರಲ್ಲಿ ಪದ್ಮಶ್ರೀ ಸಂದಿದೆ’ ಎಂದು ವರದಿಯ ಒಳಗೆ ಬರೆದರೆ ಅದು ಮಾಹಿತಿ, ಅದನ್ನು ಯಾರೂ ತಡೆದಿಲ್ಲ. ತೀರ್ಪು ಬಂದದ್ದು ರಾಷ್ಟ್ರೀಯ ಪ್ರಶಸ್ತಿಗಳ ಕುರಿತು. ಕರ್ನಾಟಕ ರತ್ನಕ್ಕೂ ರಾಜ್ಯೋತ್ಸವ ಪ್ರಶಸ್ತಿಗೂ ಅದೇ ನ್ಯಾಯ ಹೊಂದುತ್ತದೆ ಎಂದು ನಾನು ಭಾವಿಸುತ್ತೇನೆ. ರಾಷ್ಟ್ರಪತಿಗಳಿಗೆ ಬಳಸುತ್ತಿದ್ದ ‘ಮಹಾಮಹಿಮ’ ಎಂಬ ಸಂಬೋಧನೆಯನ್ನು ದೇಶದ ಒಳಗಿನ ಸಮಾರಂಭಗಳಲ್ಲಿ ಕೈಬಿಡಲು 2012ರಲ್ಲಿ ಪ್ರಣವ್ ಮುಖರ್ಜಿ ಅವರೇ ಒಪ್ಪಿಗೆ ಕೊಟ್ಟರು. ದೇಶದ ಪ್ರಥಮ ಪ್ರಜೆ ಬಿಟ್ಟುಕೊಟ್ಟ ಮೇಲೂ ತಾಲ್ಲೂಕು ಮಟ್ಟದ ಸಮಾರಂಭದ ವರದಿಗೆ ‘ಸನ್ಮಾನ್ಯ’ಗಳ ಸಾಲು ಏಕೆ ಬೇಕು ಎಂಬುದು ನನಗೆ ಅರ್ಥವಾಗಿಲ್ಲ.

‘ಡಾ.’ ಎಂಬುದರ ಬಗ್ಗೆಯೂ ಎರಡು ಮಾತು. ಡಾ. ರಾಜ್‌ಕುಮಾರ್ ಎಂಬುದು ರಸ್ತೆಗಳ, ಬಡಾವಣೆಗಳ ಹೆಸರಾಗಿ, ಜನರ ನಾಲಗೆಯಲ್ಲಿ ಒಂದೇ ಪದವಾಗಿ ನಿಂತುಬಿಟ್ಟಿದೆ. ಅದನ್ನು ಬಿಡಿಸಿ ಎಂದು ನಾನು ಕೇಳಲಾರೆ, ಕೇಳುವುದು ಸರಿಯೂ ಅಲ್ಲ. ನನ್ನ ಚಿಂತೆ ಇರುವುದು ಹೋಟೆಲಿನ ಸಭಾಂಗಣದಲ್ಲಿ ಗೌನು ತೊಡಿಸಿ ಕೊಡುವ, ವಿಳಾಸವೇ ಸಿಗದ ಸಂಸ್ಥೆಗಳ ಗೌರವ ಡಾಕ್ಟರೇಟ್‌ಗಳ ಬಗ್ಗೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಕಾಲಕಾಲಕ್ಕೆ ಪ್ರಕಟಿಸುತ್ತದೆ, ನೀವೂ ಅದನ್ನು ಸುದ್ದಿ ಮಾಡುತ್ತೀರಿ. ಆದರೆ ಅಂಥ ಪದವಿ ಪಡೆದವರ ಸನ್ಮಾನದ ವರದಿ ಬಂದಾಗ ಕೊಟ್ಟ ಸಂಸ್ಥೆ ಯಾವುದು ಎಂದು ನೋಡುವ ಕೆಲಸ ಆಗುತ್ತಿಲ್ಲ. ವರ್ಷಗಟ್ಟಲೆ ಗ್ರಂಥಾಲಯದಲ್ಲಿ ಕೂತು, ಕ್ಷೇತ್ರಕಾರ್ಯ ಮಾಡಿ ಪಿಎಚ್.ಡಿ. ಪಡೆದು ಈಗ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವ ನನ್ನ ಗೆಳೆಯರಿಗೆ ಆ ಒಂದಕ್ಷರ ಓದುವಾಗ ಆಗುವ ಬೇಸರವನ್ನು ದಯವಿಟ್ಟು ಊಹಿಸಿಕೊಳ್ಳಿ.

ಗೌರವದ ಮಾತು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ಬಹಳ ಹಿಂದೆಯೇ ಎತ್ತಿ ತೋರಿಸಿದ್ದರು. ಹಾಡುವವರು ಹಿಂದೂ ಗಂಡಸಾದರೆ ಪಂಡಿತರು, ಮುಸಲ್ಮಾನ ಗಂಡಸಾದರೆ ಉಸ್ತಾದರು. ಕೇಸರಬಾಯಿ, ಮೊಗೂಬಾಯಿ ಅವರಂಥ ಹೆಂಗಸರು ಮಾತ್ರ ಎಷ್ಟು ದೊಡ್ಡ ಗಾಯಕಿಯರಾದರೂ ಬರೀ ‘ಬಾಯಿ’ಗಳಾಗಿಯೇ ಉಳಿಯುತ್ತಾರೆ ಎಂಬರ್ಥದ ಮಾತನ್ನು ಅವರು ಆಡಿದ್ದರು. ಧಾರವಾಡದ ಸೀಮೆಯಲ್ಲೇ ಬೆಳೆದ ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ ಇಬ್ಬರನ್ನೂ ನಾವು ‘ಪಂಡಿತ್’ ಇಲ್ಲದೆ ಬರೆಯುವುದೇ ಅಪರೂಪ. ಭೀಮಸೇನ ಜೋಶಿ ಅವರ ಗುರು ಸವಾಯಿ ಗಂಧರ್ವರ ಬಳಿಯೇ ಕಲಿತು, 2002ರಲ್ಲಿ ಪದ್ಮವಿಭೂಷಣದವರೆಗೆ ಏರಿದ ಗಂಗೂಬಾಯಿ ಅವರ ಹೆಸರಿನ ಮುಂದೆ ಅದಕ್ಕೆ ಸಮನಾದ ಮಾತು ಕಾಣುವುದು ಅಪರೂಪ. ಅವರಿಗೂ ಒಂದು ಮಾತು ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಮೂವರ ಹೆಸರನ್ನೂ ಒಂದೇ ರೀತಿ ಬರೆಯಿರಿ ಎನ್ನುತ್ತಿದ್ದೇನೆ. ಕುವೆಂಪು, ಬೇಂದ್ರೆ, ಕಾರಂತ ಎಂದಷ್ಟೇ ಬರೆದರೆ ಕನ್ನಡಿಗರಲ್ಲಿ ಯಾರಿಗೆ ಗೊತ್ತಾಗುವುದಿಲ್ಲ? ನಿಜವಾಗಿ ಪ್ರಸಿದ್ಧರಾದವರನ್ನು ‘ಪ್ರಸಿದ್ಧ’ ಎಂದು ಕರೆಯುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಕ್ರಿಯಾಪದದ ವಿಷಯ. ನನಗೆ ಇದು ಬಿರುದುಗಳಿಗಿಂತಲೂ ಮುಖ್ಯ. ಕನ್ನಡದಲ್ಲಿ ಮರ್ಯಾದೆ ಹೆಸರಿಗಿಂತ ಹೆಚ್ಚಾಗಿ ವಾಕ್ಯದ ಕೊನೆಯಲ್ಲಿ ಇರುತ್ತದೆ: ಬಂದರು, ಬಂದ, ಹೇಳಿದ್ದಾರೆ, ಹೇಳಿದ್ದಾನೆ. ಮಕ್ಕಳಿಗೆ ನಾನು ಒಮ್ಮೆ ಊರಿನಲ್ಲಿ ನಡೆದ ಘಟನೆಯ ಬಗ್ಗೆ ವರದಿ ಬರೆಯಲು ಹೇಳಿದ್ದೆ. ಶಾಲೆಯ ವಾರ್ಷಿಕೋತ್ಸವವನ್ನು ಆರಿಸಿಕೊಂಡ ಹುಡುಗಿಯೊಬ್ಬಳು, ಕಿರುತೆರೆಯ ನಟರೊಬ್ಬರು ‘ಆಗಮಿಸಿ ದೀಪ ಬೆಳಗಿಸಿದರು’ ಎಂದು ಬರೆದು, ಮುಂದಿನ ಸಾಲಿನಲ್ಲೇ ‘ಬಿಸಿಯೂಟದ ಅಡುಗೆಯವಳು ಪಾಯಸ ಮಾಡಿದ್ದಳು’ ಎಂದು ಬರೆದಿದ್ದಳು. ಆ ಅಡುಗೆಯವರು ಅವಳ ಸ್ವಂತ ದೊಡ್ಡಮ್ಮ. ಮನೆಯಲ್ಲಿ ‘ದೊಡ್ಡಮ್ಮ ಬಂದ್ರು’ ಎನ್ನುವ ಹುಡುಗಿ ವರದಿಯಲ್ಲಿ ಯಾಕೆ ಹೀಗೆ ಬರೆದಳು ಎಂದು ಕೇಳಿದರೆ, ‘ಪೇಪರಲ್ಲಿ ಹಂಗೇ ಬರೀತಾರಲ್ಲ ಸಾರ್’ ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಉದ್ಯಮಿ ತೀರಿಕೊಂಡರೆ ‘ನಿಧನರಾಗಿದ್ದಾರೆ’, ಮಠಾಧೀಶರಾದರೆ ‘ಲಿಂಗೈಕ್ಯರಾಗಿದ್ದಾರೆ’, ಒಳಚರಂಡಿಗೆ ಇಳಿದ ಪೌರಕಾರ್ಮಿಕ ಉಸಿರುಗಟ್ಟಿ ತೀರಿಕೊಂಡರೆ ‘ಮೃತಪಟ್ಟಿದ್ದಾನೆ’. ಎಷ್ಟೋ ವರದಿಗಳಲ್ಲಿ ಅವರ ಹೆಸರೂ ಇರುವುದಿಲ್ಲ, ‘ಕಾರ್ಮಿಕ ಸಾವು’ ಎಂದಷ್ಟೇ ಇರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ 949-50ರ ಕಾಲದ ಶಾಸನವು, ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಹೆಸರು ‘ಕಾಳಿ’ ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿ ಉಳಿಸಿದೆ. ಹಾಗಿರುವಾಗ ನಗರದ ಹೊಲಸನ್ನು ತೆಗೆಯಲು ಇಳಿದು ಪ್ರಾಣ ಕೊಟ್ಟವರ ಹೆಸರು ಇಂದಿನ ಪತ್ರಿಕೆಯಲ್ಲಿ ಇರಬಾರದೇ?

ಪ್ರಸಿದ್ಧರು ಆರೋಪಿಗಳಾದಾಗ ಈ ಕ್ರಿಯಾಪದದ ಚಂಚಲತೆ ಇನ್ನೂ ಎದ್ದು ಕಾಣುತ್ತದೆ. ನಿನ್ನೆಯವರೆಗೆ ‘ಅವರು ಹೇಳಿದರು’ ಎಂದಿದ್ದದ್ದು ಬಂಧನವಾದ ಸಂಜೆಯೇ ‘ಆತ ಬಾಯಿಬಿಟ್ಟಿದ್ದಾನೆ’ ಎಂದಾಗುತ್ತದೆ. ಜಾಮೀನು ಸಿಕ್ಕಿ ಜೈಲಿನ ಬಾಗಿಲಲ್ಲಿ ಹೂಮಾಲೆ ಬಿದ್ದ ಕೂಡಲೇ ಮತ್ತೆ ‘ಅವರು ಹೊರಬಂದರು’. ಈ ಮೂರು ದಿನಗಳಲ್ಲಿ ನ್ಯಾಯಾಲಯ ಯಾವ ತೀರ್ಪನ್ನೂ ಕೊಟ್ಟಿರುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ನಮ್ಮ ಸಾಕ್ಷ್ಯ ಕಾನೂನು ಹೇಳುವಾಗ, ‘ಬಾಯಿಬಿಟ್ಟಿದ್ದಾನೆ’ ಎಂಬ ಒಂದು ಕ್ರಿಯಾಪದ ವಿಚಾರಣೆಯನ್ನೇ ಮುಗಿಸಿಬಿಡುತ್ತದೆ. ಆರೋಪಿಗೆ ಬಹುವಚನ ಬಳಸಿದರೆ ತಪ್ಪನ್ನು ಸಮರ್ಥಿಸಿದಂತೆ ಆಗುವುದಿಲ್ಲ. ಅದೇ ಪ್ರಕರಣದಲ್ಲಿ ಜೀವ ಕಳೆದುಕೊಂಡವನು ಸಾಮಾನ್ಯ ಮನುಷ್ಯನಾಗಿದ್ದರೆ ಅವನಿಗೆ ಮೊದಲ ದಿನದಿಂದಲೂ ಏಕವಚನವೇ ಸಿಕ್ಕಿರುತ್ತದೆ ಎಂಬುದನ್ನೂ ಗಮನಿಸಿ.

ಏಕವಚನವೆಲ್ಲ ಅಗೌರವವಲ್ಲ ಎಂಬುದು ನನಗೆ ತಿಳಿದಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನನ್ನು ‘ನೀನು’ ಎನ್ನುತ್ತೇವೆ. ‘ಕೃಷ್ಣ ಬಂದ’, ‘ಪಂಪ ಬರೆದ’, ‘ಕುಮಾರವ್ಯಾಸ ಹೇಳಿದ’ ಎನ್ನುವಾಗ ಯಾರಿಗೂ ಕೊರತೆ ಅನ್ನಿಸುವುದಿಲ್ಲ. ಕಾಲ ದೂರವಾದಂತೆ ಹಿರಿಯರು ನಮಗೆ ಹತ್ತಿರದವರಾಗಿಬಿಡುತ್ತಾರೆ. ಆದರೆ ‘ಬಸವಣ್ಣನವರು’ ಎನ್ನುವುದೇ ರೂಢಿ, ‘ಕುವೆಂಪು ಬರೆದರು’ ಎಂದೇ ಬರೆಯುತ್ತೇವೆ. ಅಪ್ಪು ತೀರಿಕೊಂಡ 2021ರ ಅಕ್ಟೋಬರ್ 29ರಂದು ಬೀದಿಯಲ್ಲಿ ನಿಂತು ‘ನಮ್ಮ ಅಪ್ಪು ಹೋಗ್ಬಿಟ್ಟ’ ಎಂದು ಅತ್ತವರ ಏಕವಚನದಲ್ಲಿ ಇದ್ದದ್ದು ಬರೀ ಪ್ರೀತಿ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಅಂವ’, ‘ಅಕಿ’ ಎಂಬುವಕ್ಕೆ ಇರುವ ಆಪ್ತತೆಯೇ ಬೇರೆ. ಇಷ್ಟು ಸೂಕ್ಷ್ಮಗಳಿರುವ ಭಾಷೆಗೆ ಯಂತ್ರದಂಥ ನಿಯಮ ಹೊಂದುವುದಿಲ್ಲ ಎಂದು ನೀವು ಹೇಳಬಹುದು. ಸಾಹಿತ್ಯಕ್ಕೆ, ಅಂಕಣಕ್ಕೆ, ನೆನಪಿನ ಬರಹಕ್ಕೆ ಯಾವ ನಿಯಮವೂ ಬೇಡ. ವರದಿಯಲ್ಲಿ ಮಾತ್ರ, ಬರೆಯುವವರು ಮತ್ತು ಬರೆಸಿಕೊಳ್ಳುವವರು ಪರಸ್ಪರ ಅಪರಿಚಿತರಾಗಿರುವುದರಿಂದ, ಅಪರಿಚಿತ ವಯಸ್ಕರನ್ನು ನಾವು ಬಸ್ಸಿನಲ್ಲಿ ಮಾತನಾಡಿಸುವಾಗ ಬಳಸುವ ಬಹುವಚನವೇ ಎಲ್ಲರಿಗೂ ಸಲ್ಲಬೇಕು. ಶೀರ್ಷಿಕೆಯಲ್ಲಿ ಜಾಗ ಸಾಲದು ಎಂಬ ಮಾತನ್ನೂ ಕೇಳಿದ್ದೇನೆ. ‘ಸಾವು’, ‘ಆಯ್ಕೆ’, ‘ಬಂಧನ’ ಎಂಬಂಥ ನಾಮಪದಗಳಿಂದ ಮುಗಿಯುವ ಶೀರ್ಷಿಕೆಗಳನ್ನು ನೀವೇ ದಿನವೂ ಬರೆಯುತ್ತಿದ್ದೀರಿ. ಅಲ್ಲಿ ವಚನದ ತೊಡಕೇ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸರ್ಕಾರಿ ಪ್ರಶಸ್ತಿಗಳನ್ನು ಹೆಸರಿಗೆ ಅಂಟಿಸುವುದನ್ನು ಇಂದಿನಿಂದಲೇ ನಿಲ್ಲಿಸಿ. ಇದಕ್ಕೆ ಸುಪ್ರೀಂ ಕೋರ್ಟಿನ ತೀರ್ಪಿಗಿಂತ ದೊಡ್ಡ ಕಾರಣ ಬೇಕಿಲ್ಲ. ಅಭಿಮಾನಿಗಳ, ಕಾರ್ಯಕರ್ತರ ಬಿರುದುಗಳು ಅವರ ಮಾತಾಗಿ, ಉದ್ಧರಣ ಚಿಹ್ನೆಯ ಒಳಗೆ ಬರಲಿ. ‘ಖ್ಯಾತ ವಕೀಲ’ ಎಂದು ಬರೆಯುವ ಜಾಗದಲ್ಲಿ ‘ಇಂಥ ಪ್ರಕರಣದಲ್ಲಿ ವಾದಿಸಿದ ವಕೀಲ’ ಎಂದು ಬರೆಯುವ ರೂಢಿ ಬರಲಿ. ನಟಿಯನ್ನು ನಟಿ ಎಂದೇ ಕರೆಯಿರಿ. ಮಂತ್ರಿ, ನಟ, ಆರೋಪಿ, ಪೌರಕಾರ್ಮಿಕ, ಅಡುಗೆಯವರು ಎಲ್ಲರಿಗೂ ವರದಿಯಲ್ಲಿ ಒಂದೇ ಕ್ರಿಯಾಪದ ಇರಲಿ, ಸತ್ತವರ ಹೆಸರು ತಿಳಿದಿದ್ದರೆ ಅದು ಮೊದಲ ಪ್ಯಾರಾದಲ್ಲೇ ಬರಲಿ. ಅಪರಾಧ ಪ್ರಕರಣಗಳಲ್ಲಿ ಅಪ್ರಾಪ್ತರ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಬರೆಯುವಂತಿಲ್ಲ ಎಂಬ ಕಾನೂನನ್ನು ನೀವು ಈಗಾಗಲೇ ಪಾಲಿಸುತ್ತಿದ್ದೀರಿ. ಡೆಸ್ಕು ಮನಸ್ಸು ಮಾಡಿದರೆ ನಿಯಮ ನಿಲ್ಲುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ನಿಮ್ಮ ಪತ್ರಿಕೆಯಲ್ಲಿ, ವಾಹಿನಿಯಲ್ಲಿ ಈ ಬಗ್ಗೆ ಈಗಾಗಲೇ ಶೈಲಿ ಕೈಪಿಡಿ ಇದ್ದರೆ ಅದರ ಈ ಭಾಗವನ್ನು ಓದುಗರಿಗಾಗಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಬರುವ ರಾಜ್ಯೋತ್ಸವದ ಒಳಗೆ ಒಂದನ್ನು ಬರೆಯಿಸಿ. ಅದನ್ನು ನನ್ನ ತರಗತಿಯ ಗೋಡೆಗೆ ಹಚ್ಚಿ, ವರದಿ ಬರೆಯುವ ಪಾಠವನ್ನು ಅದರಿಂದಲೇ ಮಾಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕ